ಲೇಖನಿಯೂ ನೇಗಿಲೂ

ಪರಕೀಯರ ಆಳಿಕೆಯಲ್ಲಿ ಲೇಖನಿ ಹಿಡಿದವರ ಪಾಡು ಉತ್ತರದಲ್ಲಿಯೂ ದಕ್ಷಿಣದಲ್ಲಿಯೂ ಒಂದೇ ಆಗಿತ್ತು. ಪ್ರೇಮಚಂದರು 1908ರಲ್ಲಿ ಹೊರತಂದ ಉರ್ದು ಕಥಾಸಂಗ್ರಹವನ್ನು ಸರಕಾರವು ಮುಟ್ಟುಗೋಲು ಹಾಕಿಕೊಂಡಿತು. ನಮ್ಮ ಬೇಂದ್ರೆಯವರು ‘ನರಬಲಿ’ ಕವಿತೆಗಾಗಿ 1932ರಲ್ಲಿ ಸೆರೆಮನೆಯನ್ನು ಕಂಡು, ಬಳಿಕ ಧಾರವಾಡದ ಬಳಿಯ ಮುಗದದಲ್ಲಿ ನಿರ್ಬಂಧದಲ್ಲಿದ್ದರು. ಓದಿ ಎಚ್ಚರಗೊಳ್ಳುವ ಜನಕ್ಕೆ ಅರಸೊತ್ತಿಗೆಯು ಅಷ್ಟು ಅಂಜುತ್ತಿತ್ತು.

ಹಿಂದಿಯ ‘ಗೋದಾನ’ವು 1936ರಲ್ಲಿ ಸಾಲಗಾರನಾದ ರೈತನನ್ನೇ ನಾಯಕನನ್ನಾಗಿ ಮಾಡಿತು. ನವಲಗುಂದ, ಅಣ್ಣಿಗೇರಿಗಳ ಎರೆಹೊಲದ ಒಕ್ಕಲಿಗನಿಗೆ ಆ ಬಾಳು ಅಪರಿಚಿತವೇ? 1947ರಲ್ಲಿ ಸ್ವಾತಂತ್ರ್ಯವು, 1956ರಲ್ಲಿ ಏಕೀಕರಣವು ಕೈಗೂಡಿದವು. ಆದರೂ 1980ರಲ್ಲಿ ನವಲಗುಂದದ ರೈತನು ಮಲಪ್ರಭೆಯ ನೀರಿನ ಕರದ ವಿರುದ್ಧ ಎದ್ದು ಗುಂಡಿಗೆ ಎದೆಯೊಡ್ಡಬೇಕಾಯಿತು. ಸಾಹಿತ್ಯದ ಹೊಣೆಯು ಇನ್ನೂ ಇಳಿದಿಲ್ಲ. ಕನ್ನಡ ಬಾಂಧವರೇ, ಹಳ್ಳಿಯ ಅಳಲನ್ನು ಕನ್ನಡದಲ್ಲಿ ಬರೆಯಿರಿ; ಬರೆದುದನ್ನು ಒಕ್ಕಲಿಗನ ಕಟ್ಟೆಯ ಮೇಲೆ ಕುಳಿತು ಓದಿರಿ.