ಕೊಯ್ಯುವುದಕ್ಕೆ ಮುನ್ನ ಅಳತೆ

ಮೂಡುಬಿದಿರೆ ಸೀಮೆಯವರು ಯಕೃತ್ತಿನ ಗೆಡ್ಡೆಗೆ ಶಸ್ತ್ರಕ್ರಿಯೆ ಮಾಡಿಸಿಕೊಳ್ಳಲು ಮಂಗಳೂರು, ಮಣಿಪಾಲ ಅಥವಾ ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಿಗೆ ಹೋಗತಕ್ಕವರು. ಒಪ್ಪಿಗೆಪತ್ರಕ್ಕೆ ರುಜು ಹಾಕುವಾಗ ಏನನ್ನು ತೆಗೆಯುವರೆಂದು ಮನೆಯವರು ಕೇಳುತ್ತಾರೆ. ಎಷ್ಟು ಉಳಿಯುವುದೆಂದು ಕೇಳುವವರು ವಿರಳ. ಕೇಳಬೇಕಾದ ಪ್ರಶ್ನೆ ಅದೇ ಎಂದು ನಮ್ಮ ಅಭಿಪ್ರಾಯ. ಉಳಿದ ಭಾಗವು ಅಲ್ಪವಾದರೆ, ಅಥವಾ ಮೊದಲೇ ಗಡುಸಾಗಿದ್ದರೆ, ಕೊಯ್ತವು ಕುಶಲವಾಗಿ ನಡೆದರೂ ರೋಗಿಯು ಉಳಿಯುವುದು ಕಷ್ಟ.

ಹೊಟ್ಟೆಗೆ ಸೂಜಿ ಚುಚ್ಚದೆ ಇವೆರಡನ್ನೂ ಅರಿಯುವ ಸಾಧನಗಳು ಇಂದು ಇವೆ. ಸಿ.ಟಿ. ಸ್ಕ್ಯಾನಿನ ಚಿತ್ರಗಳಿಂದ ಉಳಿಯುವ ಭಾಗವನ್ನು ಲೆಕ್ಕಹಾಕಬಹುದು: ಆರೋಗ್ಯವಾದ ಯಕೃತ್ತಿನಲ್ಲಿ ನೂರಕ್ಕೆ ಕನಿಷ್ಠ 20 ಪಾಲು, ಸಿರೋಸಿಸ್ ಹಿಡಿದುದರಲ್ಲಿ 40 ಪಾಲು ಉಳಿಯಬೇಕೆಂದು ವೈದ್ಯರ ಮತ. ಫೈಬ್ರೋಸ್ಕ್ಯಾನ್ ಯಂತ್ರವು ಪಕ್ಕೆಯ ಮೇಲಿಂದ ಕಂಪನವನ್ನು ಕಳುಹಿ, ಅದು ಸಾಗುವ ವೇಗದಿಂದ ಗಡುಸುತನವನ್ನು ಅಳೆಯುತ್ತದೆ. ಸೂಜಿಯಿಂದ ತೆಗೆಯುವ ಚೂರಾದರೋ ಯಕೃತ್ತಿನ ಸುಮಾರು 50,000ದಲ್ಲಿ ಒಂದು ಪಾಲು ಮಾತ್ರ. ಯಂತ್ರವು ತಪ್ಪುವುದೇ ಇಲ್ಲವೆಂದಲ್ಲ. ಊಟವಾದ ಬಳಿಕ 3 ಗಂಟೆಯೊಳಗೆ ಅಳೆದರೆ, ಅಥವಾ ಯಕೃತ್ತು ಉರಿಯೂತದಿಂದ ಬಾತಿದ್ದರೆ, ಅಂಕಿಯು ಏರುತ್ತದೆ. ಆದುದರಿಂದ ರಕ್ತಪರೀಕ್ಷೆಯೊಡನೆ ಕೂಡಿಸಿಯೇ ಅದನ್ನು ಓದತಕ್ಕದ್ದು.

ಈ ಅಂಕಿಗಳ ಅರ್ಥವನ್ನು ರುಜುವಿಗೆ ಮುನ್ನ ಕನ್ನಡದಲ್ಲಿಯೋ ತುಳುವಿನಲ್ಲಿಯೋ ತಿಳಿಸುವುದು ಉಪಕಾರವಲ್ಲ, ವೈದ್ಯರ ಕರ್ತವ್ಯ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಬರುವ ಬಡವನಿಗೂ ಇವು ವೆಚ್ಚವಿಲ್ಲದೆ ದೊರೆಯುವಂತೆ ನೋಡಿಕೊಳ್ಳುವುದು ಸರಕಾರದ ಹೊಣೆ. ಹಣವಿದ್ದವನಿಗೆ ಅಳತೆ, ಇಲ್ಲದವನಿಗೆ ಅದೃಷ್ಟ ಎಂಬ ನ್ಯಾಯವನ್ನು ನಾವು ಒಪ್ಪಲಾರೆವು.