ಹತ್ತು ಕ್ಲಿಕ್ ಅಂದ್ರೆ ಎಷ್ಟು ಹರದಾರಿ?

ಹೆದ್ದಾರಿ ಬದಿಗೆ ಬೈಕ್ ನಿಲ್ಲಿಸಿ, ಹೆಲ್ಮೆಟ್ ತೆಗೀತಾ, "ದಾವಣಗೆರೆಗೆ ಇನ್ನು ನಲವತ್ತು ಕ್ಲಿಕ್ಸ್ ಮಚ್ಚಾ" ಅನ್ನುವ ಹೊಸ ತಳಿಯೊಂದು ಹುಟ್ಟಿಕೊಂಡಿದೆ. ವೀಕೆಂಡಿಗೆ ಬೆಣ್ಣೆದೋಸೆ ತಿನ್ನೋಕೆ ಬೆಂಗಳೂರಿನಿಂದ ಬರೋ ಗುಂಪಿನಲ್ಲಿ ಇಂಥವರು ಒಬ್ಬರಾದ್ರೂ ಇರ್ತಾರೆ. ಈ ಮಾತನ್ನು ಶಾಮನೂರಿನ ಅಜ್ಜನೊಬ್ಬನ ಮುಂದೆ ಆಡಿ ನೋಡಿ. "ನಲವತ್ತು ಫೋಟೋ ಹೊಡ್ಕಳಾಕೆ ಇಷ್ಟ್ ದೂರ ಬಂದ್ರೇನಪ್ಪಾ?" ಅಂತ ಕೇಳಿಯಾನು.

ಕ್ಲಿಕ್ ಅಂದ್ರೆ ಕಿಲೋಮೀಟರ್, ಅಷ್ಟೇ. ಅಮೆರಿಕದ ಸೈನಿಕರ ಬಾಯಿಮಾತು. 1960ರ ದಶಕದಲ್ಲಿ, ವಿಯೆಟ್ನಾಂ ಯುದ್ಧದ ಹೊತ್ತಿಗೆ ಪ್ರಚಾರಕ್ಕೆ ಬಂತು. ಆಮೇಲೆ ಹಾಲಿವುಡ್ ಸಿನಿಮಾ, ವಿಡಿಯೋ ಗೇಮುಗಳ ಮೂಲಕ ನಮ್ಮ ಹುಡುಗರ ನಾಲಿಗೆಗೆ ಇಳೀತು.

ಪದದ ಜೊತೆಗೆ ಒಂದು ಹುಟ್ಟಿನ ಕಥೆಯೂ ಬಂದಿದೆ. ಆಸ್ಟ್ರೇಲಿಯಾದ ಸೈನಿಕ ಕಾಡಿನಲ್ಲಿ ಹೆಜ್ಜೆ ಎಣಿಸ್ತಾ ನಡೀತಿದ್ದನಂತೆ. ನೂರು ಮೀಟರ್ ಆದಾಗೊಮ್ಮೆ ರೈಫಲ್ಲಿನ ಗ್ಯಾಸ್ ರೆಗ್ಯುಲೇಟರನ್ನು ಒಂದು ಹಲ್ಲು ತಿರುಗಿಸೋದು. ಹತ್ತು ಹಲ್ಲಾದರೆ ಸಾವಿರ ಮೀಟರ್. ಆಗ ಅದನ್ನು ಹಿಂದಕ್ಕೆ ತಿರುಗಿಸುವಾಗ 'ಕ್ಲಿಕ್' ಅಂತ ಸದ್ದು! ಕೇಳೋಕೆ ಮಜಾ ಇದೆ, ನಂಬೋಕೆ ಅಲ್ಲ. ಆ ರೆಗ್ಯುಲೇಟರ್ ಇರೋದು ಹೆಜ್ಜೆ ಲೆಕ್ಕ ಇಡೋಕಲ್ಲ. ಗುಂಡು ಹಾರಿದಾಗ ಬರುವ ಗ್ಯಾಸಿನ ಒತ್ತಡ ಹದಕ್ಕೆ ತಂದು, ಮುಂದಿನ ಗುಂಡು ತಾನಾಗಿ ಏರುವಂತೆ ನೋಡಿಕೊಳ್ಳೋಕೆ. ಹದ ತಪ್ಪಿದರೆ ಬಂದೂಕು ಕೈಕೊಡುತ್ತೆ. ಶತ್ರು ಅಡಗಿರುವ ಕಾಡಿನಲ್ಲಿ ಯಾವ ಸೈನಿಕ ಅದರ ಜೊತೆ ಆಟ ಆಡ್ತಾನೆ? ಅದೇ ವಂಶದ ರೈಫಲ್ ನಮ್ಮ ಇಶಾಪುರದ ಕಾರ್ಖಾನೆಯಲ್ಲೂ ತಯಾರಾಗಿ ನಮ್ಮ ಜವಾನರ ಹೆಗಲೇರಿತ್ತು. ಅವರು ಕಿಲೋಮೀಟರನ್ನು ಕಿಲೋಮೀಟರ್ ಅಂತಲೇ ಕರೆದರು.

ನನಗೆ ಒಪ್ಪಿಗೆಯಾಗೋದು ಇನ್ನೂ ಸಪ್ಪೆಯಾದ ಕಾರಣ. ಊರಲ್ಲಿ ಮೈಲಿ ಲೆಕ್ಕದಲ್ಲಿ ಬೆಳೆದ ಅಮೆರಿಕದ ಹುಡುಗನ ಕೈಗೆ ಸೈನ್ಯ ಕಿಲೋಮೀಟರ್ ಚೌಕಗಳ ನಕ್ಷೆ ಕೊಟ್ಟಿತು. ಚೌಕ ಎಣಿಸಿದರೆ ದೂರ ಸಿಕ್ಕಿತು. ಗರಗರ ಅನ್ನುವ ರೇಡಿಯೋದಲ್ಲಿ ಅದನ್ನು ಹೇಳೋಕೆ ಗಿಡ್ಡ ಪದ ಬೇಕಿತ್ತು. ಒಂದು ಚೌಕ ತಪ್ಪಿ ಹೇಳಿದರೆ ಫಿರಂಗಿ ಗುಂಡು ತನ್ನವರ ತಲೆ ಮೇಲೇ ಬೀಳುತ್ತೆ. ಆ ಪದದ ಹಿಂದೆ ಅಂಥ ಭಯ ಇತ್ತು. ದೋಸೆಗೆ ಹೊರಟವನಿಗೆ ಯಾವ ಭಯ? ಚಟ್ನಿ ಖಾಲಿಯಾಗೋದಾ?

ಹೊರಗಿನ ಪದ ಬೇಡ ಅನ್ನೋ ಮಡಿವಂತಿಕೆ ನನ್ನದಲ್ಲ. ಮೈಲಿ ಕೂಡ ದಂಡಿನ ಪದವೇ. ರೋಮನ್ ಸೈನಿಕರ ಸಾವಿರ ಜೋಡಿಹೆಜ್ಜೆ ಒಂದು ಮೈಲಿ. ಅದು ಇಂಗ್ಲಿಷರ ಜೊತೆ ನಮ್ಮಲ್ಲಿಗೂ ಬಂತು. ಹರಿಹರದ ಹತ್ರ 1865ರವರೆಗೂ ಅವರ ದಂಡುಪ್ರದೇಶ ಇತ್ತು. ಮೈಲಿಯನ್ನು ನಮ್ಮವರು ನಡೆದು ನಡೆದು ಸ್ವಂತ ಮಾಡಿಕೊಂಡರು, ಮೈಲಿಗಲ್ಲು ಅಂತ ಕನ್ನಡದ ಕಲ್ಲನ್ನೂ ಜೋಡಿಸಿದರು. ಕ್ಲಿಕ್ಕನ್ನು ಇಲ್ಲಿ ಯಾರು ನಡೆದಿದ್ದಾರೆ?

ಅದಕ್ಕೂ ಮೊದಲು ಹರದಾರಿ ಇತ್ತು, ಸುಮಾರು ಮೂರು ಮೈಲಿ. ದಾವಣಗೆರೆಯಿಂದ ಹರಿಹರ ಹೆಚ್ಚುಕಡಿಮೆ ಮೂರು ಹರದಾರಿ. ಸಂತೆಗೆ ನಡೆದುಹೋಗುವವನಿಗೆ ಈ ಲೆಕ್ಕ ಕಾಲಲ್ಲೇ ಗೊತ್ತಿತ್ತು. ಎಲ್ಲಕ್ಕಿಂತ ಚಂದದ ಅಳತೆ ಕೂಗಳತೆ. ಸಂಸ್ಕೃತದ ಕ್ರೋಶದ ಬೇರಿನಲ್ಲಿರೋದೂ ಕೂಗೇ. ಇಂಥ ಅಳತೆಗೆ ಒಬ್ಬ ಸಾಲದು. ಕೂಗೋಕೆ ಒಬ್ಬ ಬೇಕು, ಆ ಕಡೆ ಕಿವಿಗೊಟ್ಟು "ಓ" ಅನ್ನೋಕೆ ಇನ್ನೊಬ್ಬ ಬೇಕು. ರಾತ್ರಿ ಹೊಲದಲ್ಲಿ ಹಾವು ಕಚ್ಚಿದರೆ ಯಾರು ಓಡಿ ಬಂದಾರು ಅನ್ನೋದು ಆ ಪದದೊಳಗೇ ಇತ್ತು.

ಈಗ ಅದರ ಪಾಡು ನೋಡಿ. ಹೊಲ ಲೇಔಟ್ ಆದಲ್ಲೆಲ್ಲ ಬಣ್ಣದ ಪಾಂಪ್ಲೆಟ್ಟು: "ಸಿಟಿಯಿಂದ ಕೂಗಳತೆ ದೂರದಲ್ಲಿ ಸುಸಜ್ಜಿತ ನಿವೇಶನ", "ರೈಲ್ವೆ ಸ್ಟೇಷನ್‌ಗೆ ಕೇವಲ 10 ನಿಮಿಷ". ಯಾರ ಹತ್ತು ನಿಮಿಷ? ಸಿಗ್ನಲ್ಲಿಲ್ಲದ, ಮಳೆಯಿಲ್ಲದ, ಭಾನುವಾರ ಬೆಳಗಿನ ಜಾವ ಐದು ಗಂಟೆಯ ಹತ್ತು ನಿಮಿಷ. ಒಂದು ಕಿಲೋಮೀಟರ್ ತಪ್ಪು ಹೇಳಿದ ಸೈನಿಕ ಸಾಯ್ತಿದ್ದ, ಐದು ಕಿಲೋಮೀಟರ್ ನುಂಗಿದ ಏಜೆಂಟ್ ಕಮಿಷನ್ ಎಣಿಸ್ತಾನೆ. ನುಂಗಿದ್ದನ್ನು ತೀರಿಸೋರು ನಾವು, ಇಪ್ಪತ್ತು ವರ್ಷದ ಇಎಂಐನಲ್ಲಿ. ದಿನಾ ಅಷ್ಟು ದೂರ ಆಟೋಗೆ ದುಡ್ಡು ಕೊಡೋರು ಅಪ್ಪ-ಅಮ್ಮ. ಯಾಕಂದ್ರೆ ಮನೆ ಕಟ್ಟಿಸಿ ಅವರನ್ನು ಅಲ್ಲಿ ಬಿಟ್ಟು, ನಾವು ಸುಮಾರು 260 ಕಿಲೋಮೀಟರ್ ಆಚೆ ಬೆಂಗಳೂರಲ್ಲಿ ಕೂತಿರ್ತೀವಿ.

ಹಾಗಾಗಿ ಕ್ಲಿಕ್ಕು ಬೇಕಾದ್ರೆ ಇಟ್ಕೊಳ್ಳಿ, ಗೇಮ್ ಆಡುವಾಗ. ಸೈಟ್ ನೋಡೋಕೆ ಹೋದ ದಿನ ಮಾತ್ರ ಬೈಕನ್ನು ಮೇನ್ ರೋಡಲ್ಲೇ ನಿಲ್ಲಿಸಿ ನಡೆದು ಹೋಗಿ. ಕಲ್ಲು ನೆಟ್ಟ ಜಾಗದಲ್ಲಿ ನಿಂತು, ಏಜೆಂಟ್ ಪಕ್ಕದಲ್ಲಿರುವಾಗಲೇ, ಗಟ್ಟಿಯಾಗಿ ಒಂದ್ಸಲ ಕೂಗಿ.