ನಿಂತಾಗ ಆರು, ಓಡಿದಾಗ ನಾಲ್ಕು

"ನೀನು ಇಂಜಿನಿಯರ್ ತಾನೇ, ಬಂದು ನೋಡು" ಅಂತ ಮಾವನ ಫೋನ್. ನಾನು ಕೋಡ್ ಬರೆಯೋ ಇಂಜಿನಿಯರ್ ಅಂದ್ರೆ ಅವರ ಕಿವಿಗೆ ಬೀಳಲ್ಲ. ಶಿವಮೊಗ್ಗದ ಹತ್ತಿರ ಅವರದೊಂದು ಪುಟ್ಟ ಫರ್ನಿಚರ್ ವರ್ಕ್‌ಶಾಪ್. ಅಲ್ಲಿನ ಕಟಿಂಗ್ ಮಷೀನಿನಲ್ಲಿ ಹಲಗೆ ಒತ್ತಿ ಹಿಡಿಯೋದೂ, ಕೆಳಗಿನಿಂದ ಬ್ಲೇಡ್ ಏಳೋದೂ ಗಾಳಿಯ ಒತ್ತಡದಿಂದಲೇ. ಹಿಂದಿನ ದಿನ ಬ್ಲೇಡ್ ಎದ್ದಾಗ ಹಲಗೆ ಜಾರಿತ್ತು. ಕೆಲಸದ ಹುಡುಗನ ಕೈ ಸ್ವಲ್ಪದರಲ್ಲಿ ಉಳಿದಿತ್ತು.

"ಪ್ರೆಷರ್ ಸರಿಯಾಗೇ ಇದೆ" ಅಂದರು ಮಾವ. ಹೌದು, ಮಷೀನಿನ ಗೇಜ್ 6 ಬಾರ್ ತೋರಿಸ್ತಿತ್ತು. ಪಕ್ಕದ ಎಡ್ಜ್ ಬ್ಯಾಂಡರನ್ನೂ ಓಡಿಸಿ, ಈಗ ಹಲಗೆಯಿಲ್ಲದೆ ಕಟಿಂಗ್ ಮಾಡಿ ಅಂದೆ. ಮುಳ್ಳು ಸರ್ರನೆ 4ಕ್ಕೆ ಇಳಿದು, ಆಮೇಲೆ ನಿಧಾನಕ್ಕೆ ಮೇಲೆದ್ದಿತು. ಒಬ್ಬನೇ ಯೂಸರ್ ಇದ್ದಾಗ ನಮ್ಮ ಆ್ಯಪ್ ಕೂಡ ಚೆನ್ನಾಗೇ ಓಡುತ್ತೆ! ಗಾಳಿ ನಿಂತಾಗ ನೋಡಿದ ಒತ್ತಡಕ್ಕೆ ಅರ್ಥವಿಲ್ಲ, ಹರಿಯುವಾಗ ನೋಡಬೇಕು. 63 ಮಿ.ಮೀ. ವ್ಯಾಸದ ಸಿಲಿಂಡರ್ 6 ಬಾರ್‌ನಲ್ಲಿ ಸುಮಾರು 190 ಕೆ.ಜಿ. ಭಾರದಷ್ಟು ಒತ್ತುತ್ತೆ. 4 ಬಾರ್‌ನಲ್ಲಿ ಬರೀ 127.

ಅದೇ ಹೊತ್ತಿಗೆ ಕಂಪ್ರೆಸರ್ ಟ್ಯಾಂಕಿನ ಗೇಜ್ 8ರಲ್ಲೇ ಗಟ್ಟಿಯಾಗಿ ನಿಂತಿತ್ತು. ಅದೂ ಇಳಿದಿದ್ದರೆ ಕಂಪ್ರೆಸರ್ ಸಾಲ್ತಿಲ್ಲ, ಇಲ್ಲವೇ ಎಲ್ಲೋ ದೊಡ್ಡ ಸೋರಿಕೆ ಅಂತಿದ್ದೆ. ಇಳಿದಿಲ್ಲ, ಹಾಗಾಗಿ ತೊಂದರೆ ನಡುವಿನ ದಾರಿಯಲ್ಲಿ. (ಮಾವ ಹೋದ ತಿಂಗಳಷ್ಟೇ ಕಂಪ್ರೆಸರನ್ನು 7ರಿಂದ 8ಕ್ಕೆ ಏರಿಸಿದ್ದರು. ಒಂದು ಬಾರ್ ಏರಿಸಿದರೆ ಕರೆಂಟ್ ಸುಮಾರು ಶೇ. 7ರಷ್ಟು ಜಾಸ್ತಿ ಬೇಕು. ಬಿಲ್ ಏರಿತು, ಕಾಯಿಲೆ ಹಾಗೇ ಉಳಿಯಿತು.)

ಗಾಳಿ ಬಂದ್ ಮಾಡಿ, ಲೈನಿನಲ್ಲಿ ಉಳಿದದ್ದನ್ನೂ ಪೂರ್ತಿ ಹೊರಬಿಟ್ಟು, ಫಿಲ್ಟರ್ ಬಿಚ್ಚಿದೆವು. ಬಟ್ಟಲಿನ ತುಂಬಾ ಕಂದು ನೀರು. ಒಳಗಿನ ಎಲಿಮೆಂಟ್ ಮೇಲೆ ತುಕ್ಕಿನ ರಾಡಿ ಮೆತ್ತಿಕೊಂಡಿತ್ತು. ಮಲೆನಾಡಿನ ಮಳೆಗಾಲದ ಗಾಳಿಯನ್ನು ಹಿಂಡಿ ತಣ್ಣಗಾಗಿಸಿದರೆ ನೀರು ಬರದೆ ಇನ್ನೇನು? ಟ್ಯಾಂಕಿನ ಕೆಳಗಿನ ನಲ್ಲಿಯನ್ನು ಯಾವಾಗ ತೆರೆದಿದ್ದರೋ ಯಾರಿಗೂ ನೆನಪಿರಲಿಲ್ಲ. ಹುಡುಗ ಬಟ್ಟಲು ತೊಳೆಯಲು ಥಿನ್ನರ್ ತಂದ, ತಡೆದೆ. ಆ ಪಾರದರ್ಶಕ ಪ್ಲಾಸ್ಟಿಕ್ ಥಿನ್ನರ್ ತಾಗಿದರೆ ಬಿರುಕು ಬಿಟ್ಟು, ಒತ್ತಡಕ್ಕೆ ಸಿಡಿಯಬಹುದು. ಸೋಪಿನ ನೀರೇ ಸಾಕು. ಹೊಸ ಎಲಿಮೆಂಟ್ ಹಾಕಿ, ಯಾರೋ ಜೋಡಿಸಿದ್ದ 6 ಮಿ.ಮೀ. ಪೈಪ್ ತೆಗೆದು ದಪ್ಪದ್ದು ಹಾಕಿದ ಮೇಲೆ ಮುಳ್ಳು 5.6ಕ್ಕಿಂತ ಕೆಳಗಿಳಿಯಲಿಲ್ಲ.

ಆದರೂ ಒಂದು ಪ್ರಶ್ನೆ ತಲೆ ಕೊರೀತಿತ್ತು. ಒತ್ತಡ ಬಿದ್ದರೆ ಬ್ಲೇಡ್ ನಿಲ್ಲಿಸೋಕೆ ಈ ಮಷೀನಿನಲ್ಲಿ ಪ್ರೆಷರ್ ಸ್ವಿಚ್ ಇದೆ. ಅದ್ಯಾಕೆ ಸುಮ್ಮನಿತ್ತು? ಎಲೆಕ್ಟ್ರಿಷಿಯನ್ ಮೇನ್ ಆಫ್ ಮಾಡಿ ಪ್ಯಾನೆಲ್ ತೆಗೆದಾಗ ಸಿಕ್ಕಿತು: ಸ್ವಿಚ್ಚಿನ ಎರಡು ತುದಿಗಳನ್ನು ಜೋಡಿಸಿದ್ದ ಬೆರಳುದ್ದದ ವೈರ್ ತುಂಡು.

"ಪದೇ ಪದೇ ನಿಂತುಬಿಡ್ತಿತ್ತು. ಆರ್ಡರ್ ಬೇರೆ ಇತ್ತು" ಅಂದರು ಮಾವ, ನೆಲ ನೋಡ್ತಾ. ನಾನೇನು ಹೇಳಲಿ? ರಿಲೀಸ್ ಹಿಂದಿನ ರಾತ್ರಿ ಫೇಲ್ ಆಗ್ತಿದ್ದ ಟೆಸ್ಟನ್ನು ಕಾಮೆಂಟ್ ಮಾಡಿ ಮಲಗಿದವನು ನಾನು. ನನ್ನ ತಪ್ಪಿಗೆ ಯಾರ ಬೆರಳೂ ಹೋಗುತ್ತಿರಲಿಲ್ಲ ಅಷ್ಟೇ.

ವೈರ್ ತೆಗೆಸಿ, ಸ್ವಿಚ್ಚನ್ನು 5 ಬಾರ್‌ಗೆ ಹೊಂದಿಸಿದೆವು. ಮರುದಿನ ಬೆಳಗ್ಗೆ ಮತ್ತೆ ಮಾವನ ಫೋನ್: "ಮಷೀನ್ ನಿಂತಿದೆ ಕಣೋ." ಸೋಪಿನ ನೀರು ಹಚ್ಚಿ ನೋಡಿ ಅಂದೆ. ಕಪ್ಲರ್ ಒಂದರಲ್ಲಿ ಗುಳ್ಳೆ ಬಂತಂತೆ.